ನಾನು ಹೆಪ್ಪು ಹಾಕಿದ ಮೊಸರು

ಸುಳ್ಳು ಹೇಳುವುದಕ್ಕಿಂತ ಸುಳ್ಳು ಬರೆಯುವುದು ಸುಲಭ. ಎದುರಿಗೆ ಯಾರ ಮುಖವೂ ಇರುವುದಿಲ್ಲ. ಬಾಣಂತನಕ್ಕೆಂದು ಅಣ್ಣಿಗೇರಿಯ ತವರಿಗೆ ಹೋಗಿದ್ದ ಹೆಂಡತಿ, ನನ್ನ ಊಟದ ಗತಿ ಏನೆಂದು ಚಿಂತೆಯಿಂದ ಕೇಳಿದ್ದಳು. ‘ರೊಟ್ಟಿ ಖಾನಾವಳಿಯಿಂದ ಬರುತ್ತದೆ, ಮೊಸರಿಗೆ ನಾನೇ ಹೆಪ್ಪು ಹಾಕುತ್ತೇನೆ, ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ’ ಎಂದು ಕಾರ್ಡು ಬರೆದೆ. ಅಲ್ಲಿಯತನಕ ನಾನು ಮೊಸರು ತಿಂದವನೇ ಹೊರತು ಮಾಡಿದವನಲ್ಲ. ಕಾರ್ಡು ಹೆಂಡತಿಗೆ ಬರೆದದ್ದು, ಓದಿದವರು ಮಾವ. ಅವರು ಹತ್ತಿ ವ್ಯಾಪಾರಿ. ಒಂದು ಹಿಡಿ ಕಿತ್ತು ನೋಡದೆ ಯಾವ ಮಾಲನ್ನೂ ನಂಬಿದವರಲ್ಲ. ‘ಕೂಸಿಗೆ ಐದು ತಿಂಗಳಾಯಿತು. ತಾಯಿ-ಕೂಸನ್ನು ಕಳಿಸುವ ದಿನ ಮಾತಾಡಲು ರವಿವಾರ ಬರುತ್ತೇನೆ. ನಿಮ್ಮ ಮೊಸರನ್ನೂ ನೋಡಿದಂತಾಗುತ್ತದೆ’ ಎಂದು ಉತ್ತರ ಬಂತು. ಮಗಳನ್ನು ನಾನು ನೋಡಿದ್ದು ತೊಟ್ಟಿಲಿಗೆ ಹಾಕಿದ ದಿನ ಮಾತ್ರ. ಇಬ್ಬರೂ ಯಾವಾಗ ಬಂದಾರೋ ಎಂದು ಜೀವ ಹಂಬಲಿಸುತ್ತಿತ್ತು.

ಶುಕ್ರವಾರ ಸಂಜೆ ಬಟ್ಟಲು ಹಿಡಿದು, ಗೋಪನಕೊಪ್ಪದ ನಮ್ಮ ಮನೆಯ ಹಿತ್ತಲ ಬಾಗಿಲಿನಿಂದ ಪಕ್ಕದ ಗಂಗವ್ವನ ಮನೆಗೆ ಹೆಪ್ಪು ಕೇಳಲು ಹೋದೆ. ಆಕೆ ಆಗಷ್ಟೇ ದೇವರ ಮುಂದೆ ದೀಪ ಹಚ್ಚಿದ್ದಳು.

“ದೀಪಾ ಹಚ್ಚಿದ ಮ್ಯಾಲೆ ಮೊಸರು ಹೊರಗ ಕೊಡಂಗಿಲ್ರಿ ಮಾಸ್ತರ. ಅದರ ಸಂಗಾಟ ಲಕ್ಷ್ಮಿನೂ ಹೋಗ್ತಾಳ.”

“ಒಂದ ಚಮಚಾ ಸಾಕ್ರಿ.”

“ಲಕ್ಷ್ಮಿಗೆ ಚಮಚಾ ಏನ, ತಪೇಲಿ ಏನ? ಮುಂಜಾನಿ ಬರ್ರಿ.”

ಮುಂಜಾನೆ ಹೆಪ್ಪಿನ ಜೊತೆ ಉಪದೇಶವೂ ಸಿಕ್ಕಿತು: “ಹಾಲು ಉಗುರಬೆಚ್ಚಗ ಇರ್ಲಿ. ಹೆಪ್ಪು ಹಾಕಿ ಮರತಬಿಡ್ರಿ.” ಆ ಮರೆಯುವುದೇ ನನ್ನಿಂದ ಆಗಲಿಲ್ಲ. ನಾನು ಶಾಲೆಯಲ್ಲಿ ವಿಜ್ಞಾನ ಹೇಳುವವನು. ಹಾಲು ಮೊಸರಾಗುವ ಪಾಠವನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು. ಪ್ರಯೋಗವೆಂದ ಮೇಲೆ ನಿರೀಕ್ಷಣೆ ಬೇಡವೇ? ಅರ್ಧ ಗಂಟೆಗೊಮ್ಮೆ ಮುಚ್ಚಳ ತೆಗೆದೆ, ಬೆರಳು ಅದ್ದಿದೆ, ತಪೇಲಿ ಓರೆ ಮಾಡಿ ನೋಡಿದೆ, ಆರಿತೆಂದು ಮತ್ತೆ ಒಲೆಯ ಮೇಲಿಟ್ಟೆ. ರವಿವಾರ ಮುಂಜಾನೆ ಅದರಲ್ಲಿದ್ದದ್ದು ಹಾಲೂ ಅಲ್ಲ, ಮೊಸರೂ ಅಲ್ಲ. ಸೌಟು ಎತ್ತಿದರೆ ಲೋಳೆಲೋಳೆಯಾಗಿ ಎಳೆ ಬರುತ್ತಿತ್ತು.

ಗಂಗವ್ವ ಬಂದು ನೋಡಿ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. “ಇದನ್ನ ಎಮ್ಮಿ ಸೈತ ಮೂಸಂಗಿಲ್ರಿ” ಎಂದವಳೇ ತನ್ನ ಮನೆಯ ಮೊಸರಿನ ಗಡಿಗೆ ತಂದಿಟ್ಟಳು. “ಮಾವನ ಮುಂದ ಮಾನಾ ಉಳಿಸ್ಕೋರಿ.”

ಮಾನ ಉಳಿಯಿತು. ಮಾವ ರೊಟ್ಟಿ ಮುರಿದು ಮೊಸರಿಗೆ ಅದ್ದಿ, ಕಣ್ಣು ಮುಚ್ಚಿ ಚಪ್ಪರಿಸಿದರು.

“ಅಗದೀ ಛಲೋ ಐತ್ರಿ ಅಳಿಯಂದ್ರ! ನಾ ಎಲ್ಲಾ ಸುಳ್ಳ ಅಂದ್ಕೊಂಡಿದ್ದೆ. ನಿಮಗ ಭಾಳ ತ್ರಾಸ ಆಗಿರಬೇಕು, ಮುಂದಿನ ವಾರನ ಕಳಸೂಣು ಅಂತ ಬಂದಿದ್ದೆ. ಹಿಂಗ ಸಂಸಾರ ನಡಸಾಕತ್ತೀರಿ ಅಂದ್ರ ಅವಸರ ಏನೈತಿ? ಇನ್ನೆರಡು ತಿಂಗಳು ಅಲ್ಲೇ ಇರ್ಲಿ ಬಿಡ್ರಿ.”

‘ಇದು ಗಂಗವ್ವನ ಮೊಸರು’ ಎಂದು ಒಂದು ಮಾತು ಆಡಿದ್ದರೆ ವಾರದಲ್ಲಿ ಹೆಂಡತಿ, ಮಗಳು ಮನೆಯಲ್ಲಿರುತ್ತಿದ್ದರು. ಆಡಲೆಂದೇ ಬಾಯಿ ತೆರೆದೆ.

“ಇನ್ನೊಂದೀಟು ಮೊಸರು ಹಾಕ್ಲೇನ್ರಿ?” ಎಂದೆ.

ಎರಡು ತಿಂಗಳ ಮೇಲೆ ಸಂಜೆಯ ರೈಲಿಗೆ ಅವರು ಬಂದಿಳಿದರು. ಮಗಳು ನನ್ನನ್ನು ಕಂಡು ಯಾರೋ ಕಳ್ಳನನ್ನು ಕಂಡಂತೆ ಕಿರುಚಿದಳು, ಅವಳ ತಪ್ಪೇನಿಲ್ಲ. ಹೆಂಡತಿ ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಹಾಲು ಕಾಯಿಸಿ ನನ್ನ ಮುಂದಿಟ್ಟಳು.

“ಅಪ್ಪಾರು ಊರತುಂಬ ಹೇಳ್ಯಾರ, ನಿಮ್ಮ ಕೈಗುಣ ಭಾರಿ ಐತಂತ. ಇನ್ನ ಮ್ಯಾಲೆ ಹೆಪ್ಪು ನೀವ ಹಾಕ್ರಿ.”

ನಾನು ಬಟ್ಟಲು ಹಿಡಿದು ಹಿತ್ತಲ ಬಾಗಿಲಿಗೆ ಬಂದೆ. ಗಂಗವ್ವನ ಮನೆಯಲ್ಲೂ ದೀಪ ಹಚ್ಚಿಯಾಗಿತ್ತು.