ಎರಡನೇ ಕರವಸ್ತ್ರ

ಮನುಷ್ಯನಿಗೆ ಒಂದು ಗುಟ್ಟು ಇರಲಿ, ಬೇಡ ಎನ್ನುವುದಿಲ್ಲ. ಆದರೆ ಬಾಯಿಬಿಟ್ಟರೆ ಮಾನ ಹೋಗುವಷ್ಟು ಚಿಲ್ಲರೆಯಾಗಿರಬಾರದು. ನನ್ನದು ಹಾಗಿತ್ತು. ಸೋಲಾಪುರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ನಾನು ಪ್ರತಿ ಬುಧವಾರ ಮಧ್ಯಾಹ್ನ ಅಕ್ಕಲಕೋಟದ ಬಸ್ಸು ಹತ್ತುತ್ತಿದ್ದೆ, ನಿದ್ದೆ ಮಾಡಲಿಕ್ಕೆ! ಹಾಸಿಗೆಯಲ್ಲಿ ರಾತ್ರಿಯೆಲ್ಲ ಹೊರಳಾಡುವವನಿಗೆ ಆ ಕೆಂಪು ಬಸ್ಸಿನ ಕುಲುಕಾಟದಲ್ಲಿ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಅಕ್ಕಲಕೋಟದಲ್ಲಿ ಇಳಿದು ಚಹಾ ಕುಡಿದು, ಮತ್ತೆ ನಿದ್ದೆ ಹೊಡೆಯುತ್ತ ವಾಪಸು. ತೂಕಡಿಸುವ ಹುಡುಗರನ್ನು ತರಗತಿಯಿಂದ ಹೊರಗೆ ಹಾಕುವುದರಲ್ಲಿ ಹೆಸರಾದ ನಾನು ಇದನ್ನು ಯಾರಿಗೆ ಹೇಳಲಿ? ಹೆಂಡತಿ ಗೌರಾಳಿಗೂ ಸಂಶೋಧನೆ ಎಂದಿದ್ದೆ. ಗುರುವಾರ ಅಲ್ಲಿಯ ಸ್ವಾಮಿಗಳ ವಾರ, ಭಕ್ತಿ ಎನ್ನಬಹುದಿತ್ತು, ಆದರೆ ಆ ದಿನ ಭಕ್ತರ ನೂಕಿನಿಂದ ಬಸ್ಸಿನಲ್ಲಿ ನಿಲ್ಲಲಿಕ್ಕೂ ಜಾಗವಿರುವುದಿಲ್ಲ.

ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಒಳಗೆ ಕರವಸ್ತ್ರ ಒಗೆದರೆ ಸೀಟು ನಮ್ಮದು. ನಾನು ಎರಡು ಒಗೆಯುತ್ತಿದ್ದೆ. ಪ್ರಾಧ್ಯಾಪಕನ ಪಕ್ಕ ಕೂತವರು ಮಗನ ಅಡ್ಮಿಷನ್ ಮಾತೆತ್ತದೆ ಬಿಡುವುದಿಲ್ಲವಲ್ಲ! ಎರಡನೆಯದು ಮನೆಯಲ್ಲಿ ಕೈಗೆ ಸಿಕ್ಕದ್ದು, ಗುಲಾಬಿ ಹೂವಿನದು. ಅದು ನಮ್ಮ ಕ್ಲಾರ್ಕ್ ಬಿರಾಜದಾರನ ಕಣ್ಣಿಗೆ ಬಿತ್ತು.

"ಸರ, ಇನ್ನೊಂದ ಸೀಟ ಯಾರಿಗ್ರಿ?"

"ಬರೋರ ಅದಾರ" ಎಂದುಬಿಟ್ಟೆ.

ಕಾಲೇಜಿನ ತುಂಬ ಗುಸುಗುಸು: ಸರ್‌ಗೆ ಅಕ್ಕಲಕೋಟದಲ್ಲಿ ಇನ್ನೊಂದು ಸಂಸಾರವಂತೆ. ಸುಳ್ಳೇಕೆ, ಮೊದಮೊದಲು ಹಿಗ್ಗಿದೆ. ಆಮೇಲೆ ಸುದ್ದಿ ಮನೆಗೆ ಬಂತು. ಗೌರಾ ಮಾತು ಬಿಟ್ಟಳು, ಭಾಕರಿ ಬಡಿಯುವ ಸಪ್ಪಳ ಜೋರಾಯಿತು. ಒಂದು ಜೊಂಪಿಗಾಗಿ ಸಂಸಾರವೇ ಮುರಿದೀತೇನೋ ಎಂದು ಹೆದರಿ ನಿಜ ಹೇಳಿದೆ.

"ನಿದ್ದಿ ಮಾಡಾಕ ಅಕ್ಕಲಕೋಟಕ್ಕ ಹೋಗ್ತೀರಿ? ನಾ ಏನ್ ವೇಡಿ, ಹುಚ್ಚಿ ಅದೀನೇನು? ಈ ಬುಧವಾರ ನಾನೂ ಬರ್ತೀನಿ."

ಧೂಳಿಗೆಂದು ಮುಖಕ್ಕೆ ಸೆರಗು ಸುತ್ತಿಕೊಂಡು ಬಂದಳು. ಗುಲಾಬಿ ಕರವಸ್ತ್ರ ಎತ್ತಿ ನೋಡಿದಳು, ತನ್ನದೇ. ಅದನ್ನು ಸರಿಸಿ ಕೂತಳು. ಬಸ್ಸು ಹತ್ತಿದ ಪ್ರತಿ ಹೆಂಗಸನ್ನೂ ಅಳೆದು ನೋಡಿದಳು. ವಳಸಂಗದಲ್ಲಿ ಹಸಿರು ಸೀರೆಯವಳೊಬ್ಬಳು ನೇರ ನನ್ನ ಬಳಿಗೇ ಬಂದಾಗ, ತಪ್ಪು ಮಾಡದಿದ್ದರೂ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. "ಜರಾ ಸರೀರಿ ಸಾಹೇಬ್ರ" ಎಂದು ಬುಟ್ಟಿ ಕಾಲಡಿ ತಳ್ಳಿ ಅವಳು ಹಿಂದೆ ಹೋದಳು. ಆಮೇಲೆ ಎಚ್ಚರವಾದದ್ದು ಅಕ್ಕಲಕೋಟದಲ್ಲೇ, ಗೌರಾಳ ಹೆಗಲ ಮೇಲೆ.

"ಖರೇನ ನಿದ್ದಿ ಮಾಡ್ತೀರಲ್ರಿ! ಏನ್ ಗೊರಕಿ!" ಎಂದು ನಕ್ಕಳು. ನನಗೆ ಜೀವ ಬಂತು.

ಮರುದಿನ ಬಿರಾಜದಾರನ ಹೆಂಡತಿ ಮನೆಗೆ ಬಂದಳು. "ವೈನಿ, ಸಿಟ್ಟಾಗಬ್ಯಾಡ್ರಿ. ನಮ್ಮವ್ರು ಅದ ಬಸ್ಸಿನ್ಯಾಗಿದ್ರು. ಸರ ಆಕಿ ಹೆಗಲ ಮ್ಯಾಲ ತಲಿ ಇಟ್ಟಿದ್ರಂತ."

ಅದು ತಾನೇ ಎಂದು ಗೌರಾ ಹೇಳಲಿ ಎಂದು ಒಳಕೋಣೆಯಲ್ಲಿ ಕಿವಿಗೊಟ್ಟು ಕೂತೆ.

"ಆಕಿ ಹೆಂಗಿದ್ಳಂತ?" ಎಂದಳು ಗೌರಾ.

"ಮಾರಿ ಕಾಣಲಿಲ್ಲಂತ. ಆದ್ರ ಭಾಳ ಸಣ್ಣ ವಯಸ್ಸಿನಾಕಿ ಅಂತ್ರಿ."

ಗೌರಾ ಸೆರಗು ಸರಿಮಾಡಿಕೊಂಡಳು. ಬಂದವಳ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

ಈಗ ಪ್ರತಿ ಬುಧವಾರ ಸೆರಗು ಸುತ್ತಿಕೊಂಡು ನನಗಿಂತ ಮೊದಲು ಅವಳೇ ತಯಾರು. ಹೋಗುವಾಗಲೂ ಬರುವಾಗಲೂ ಅವಳ ಮಾತಿಗೆ ಬಿಡುವಿಲ್ಲ, ನನ್ನ ಕಣ್ಣಿಗೆ ನಿದ್ದೆಯಿಲ್ಲ. ಹೀಗಾಗಿ ಗುರುವಾರ ಪಾಠ ಮಾಡುತ್ತ ಮಾಡುತ್ತ ನಾನೇ ತೂಕಡಿಸುತ್ತೇನೆ. ಹುಡುಗರು ಎಬ್ಬಿಸುವುದಿಲ್ಲ. "ಗಪ್ ಕೂಡ್ರಲೇ, ಸರ ನಿನ್ನೆ ಅಕ್ಕಲಕೋಟಕ್ಕ ಹೋಗಿದ್ರು" ಎಂದು ಒಬ್ಬರಿಗೊಬ್ಬರು ಗೌರವದಿಂದ ಹೇಳಿಕೊಳ್ಳುವುದು ಅರೆನಿದ್ದೆಯಲ್ಲಿ ನನಗೆ ಕೇಳಿಸುತ್ತದೆ.