ಮುರಿಗೆಪ್ಪ ಕಾಕಾನ ನಾಲ್ಕು ಅಡುಗೆಮನೆಗಳು

"ಅವ್ವಾ, ಕೈ ತೆಗಿ! ಮುಟ್ಟಬ್ಯಾಡ ಅದನ್ನ!"

ನಾನು ಕೂಗುವಷ್ಟರಲ್ಲಿ ಅವ್ವ ಪೆಟ್ಟಿಗೆಯ ನೆತ್ತಿ ಮುಟ್ಟಿ ಕಣ್ಣಿಗೊತ್ತಿಕೊಂಡಾಗಿತ್ತು. ಪೆಟ್ಟಿಗೆ ಠಣ್ ಎಂದಿತು. ಇನ್ನೊಂದು ಸ್ನ್ಯಾಪ್‌ಶಾಟ್!

"ಮುಟ್ಟಲಿ ಬಿಡು ನೀಲಾ," ಎಂದ ಮುರಿಗೆಪ್ಪ ಕಾಕಾ, ಕಾಲ ಮೇಲೆ ಕಾಲು ಹಾಕಿಕೊಂಡು. "ನಾ ಕಟ್ಟಿದ ಈ ಒಂದು ಪೆಟ್ಟಿಗಿಯೊಳಗ ನಾಲ್ಕು ಅಡಿಗಿಮನಿ ಅದಾವು. ಮನಿ ಸುಳ್ಳು, ಅಡಿಗಿ ಖರೇ! ಠಣ್ ಅಂದಾಗೆಲ್ಲ ಆ ಕ್ಷಣದ ಅಡಿಗಿ ಇದ್ದಂಗ ಉಳೀತೈತಿ. ಸಾರು ಕೆಟ್ಟರ ಹಿಂದಿನ ಸ್ನ್ಯಾಪ್‌ಶಾಟಿಗೆ ಹೋದರಾತು!"

ಇವನ ಪ್ರತಾಪ ಕೇಳುವ ದಿನವೇ ಅದು! ಎದುರಿಗೆ ಹೊಸ ಹೋಟೆಲು ಬಂದ ಮೇಲೆ ನಮ್ಮ ಖಾನಾವಳಿಗೆ ನೊಣವೂ ಬರುತ್ತಿರಲಿಲ್ಲ. ನರ್ಸಿಂಗ್ ಹಾಸ್ಟೆಲಿನ ಊಟದ ಕೆಲಸ ಸಿಕ್ಕರೆ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಬಾಗಿಲಿಗೆ ಬೀಗ. ರುಚಿ ನೋಡಲು ವಾರ್ಡನ್ ಹೊಸಮನಿ ಮೇಡಂ ಆ ಮಧ್ಯಾಹ್ನವೇ ಬರುವವರಿದ್ದರು.

ಹೊಸ ಯಂತ್ರವೆಂದು ಅವ್ವ ಅದಕ್ಕೆ ವಿಭೂತಿ ಬಳಿದಿದ್ದಳು, ಸರಿಯಾಗಿ ಸ್ನ್ಯಾಪ್‌ಶಾಟಿನ ಗುಂಡಿಯ ಮೇಲೆ. ರೊಟ್ಟಿ ಬಡಿಯುವವರು, ಹಾಲಿನವಳು, ತರಕಾರಿಯವನು, ಹಾದುಹೋದವರೆಲ್ಲ ಮುಟ್ಟಿ ನಮಸ್ಕರಿಸಿದರು. ಠಣ್, ಠಣ್, ಠಣ್!

"ಇಷ್ಟೆಲ್ಲ ಎಲ್ಲಿ ಇಡತೈತಿ ಇದು?" ಎಂದೆ.

"ಅಡಿಗಿಮನಿಗೆ ಜಾಗಾ ಲೆಕ್ಕ ಹಾಕೇನಿ. ಸ್ನ್ಯಾಪ್‌ಶಾಟಿಗೆ ಯಾಕ ಜಾಗಾ? ಅವು ಬರೇ ಫೋಟೋ ಇದ್ದಂಗ!"

"ಫೋಟೋ ಅಂತ! ಹಂಡೇ ನೋಡು!"

ತೊಳೆದು ಬೋರಲು ಹಾಕಿದ್ದ ಹಂಡೆಯ ಅಡಿಯಿಂದ ಅರೆಬೆಂದ ಎಣ್ಣೆಗಾಯಿ ಹರಿದು ಬರುತ್ತಿತ್ತು. ಖಾಲಿ ಡಬ್ಬಿಯಲ್ಲಿ ಜುಣಕ. ಅವ್ವನ ಟ್ರಂಕಿನಲ್ಲಿ, ಇಳಕಲ್ ಸೀರೆಯ ಮಡಿಕೆಗಳೊಳಗೆ, ಉಪ್ಪಿಲ್ಲದ ಸಾರು! ತನ್ನೊಳಗೆ ಜಾಗ ಮುಗಿದ ಪೆಟ್ಟಿಗೆ ಖಾಲಿ ಕಂಡಲ್ಲೆಲ್ಲ ತುಂಬುತ್ತಿತ್ತು.

"ನನ್ನ ಮದುವಿ ಸೀರಿ!" ಅವ್ವ ಸೌಟು ಹಿಡಿದು ಮೈದುನನ ಮೇಲೇರಿ ಹೋದಳು. "ಅಳಸೋ ಹಳೇವನ್ನ!"

"ಅಳಸಾಕೂ ಜಾಗಾ ಬೇಕು ವೈನಿ. ಮೊದಲ ಹಳೇವನ್ನೆಲ್ಲಾ ಒಂದ ಕಡೆ ಕೂಡಿಸಿ, ಆಮ್ಯಾಲ ಅಳಸತೈತಿ."

"ಇದನ್ನ ಮೊದಲ ಯಾಕ ಯೋಚನಿ ಮಾಡಲಿಲ್ಲ ನೀ?" ಎಂದು ರೇಗಿದೆ.

"ಊರೆಲ್ಲ ಬಂದು ಕೈ ಮುಗೀತೈತಂತ ನಂಗೇನು ಕನಸು ಬಿದ್ದಿತ್ತಾ?"

ನಾನು ವಾಯರು ಕಿತ್ತೆ. ಪೆಟ್ಟಿಗೆ ಇನ್ನೂ ಜೋರಾಗಿ ಠಣ್ ಎಂದಿತು; ವಿಭೂತಿ ಮೆತ್ತಿದ ಗುಂಡಿ ಒತ್ತಿದಂತೆಯೇ ಸಿಕ್ಕಿಕೊಂಡಿತ್ತು. ಒಳಗೆ ಬ್ಯಾಟರಿ ಇಟ್ಟಿದ್ದನಂತೆ, ಮಹಾನುಭಾವ!

ಅಷ್ಟರಲ್ಲಿ ಹೊಸಮನಿ ಮೇಡಂ ನಗುತ್ತ ಒಳಗೆ ಬಂದರು. "ಮುಂಜಾನಿಂದ ನೀರೂ ಕುಡಿದಿಲ್ಲ ನೋಡ್ರಿ. ಹೊಟ್ಟಿ ಪೂರಾ ಖಾಲಿ ಇಟಗೊಂಡು ಬಂದೀನಿ!"

ಖಾಲಿ! ನಾನು ಪೆಟ್ಟಿಗೆಯ ಕಡೆ ಜಿಗಿದೆ. ಠಣ್. ಮೇಡಂ ಕುರ್ಚಿಯಲ್ಲಿ ಕುಸಿದು ದೊಡ್ಡದಾಗಿ ತೇಗಿದರು. ಠಣ್. ಕಣ್ಣು ಮೇಲಾಯಿತು. ಮತ್ತೊಂದು ಠಣ್ಣಿಗೆ ಅವರ ಹೊಟ್ಟೆ ಮುಂದಿದ್ದ ಮೇಜನ್ನು ಗೋಡೆಯವರೆಗೆ ತಳ್ಳಿತು!

ಇದ್ಯಾವುದನ್ನೂ ನೋಡದ ಅವ್ವ ಒಳಗಿನಿಂದ ಬಿಸಿ ರೊಟ್ಟಿ, ಹದವಾಗಿ ಬೆಂದ ಎಣ್ಣೆಗಾಯಿ, ಬೆಣ್ಣೆ ಇಟ್ಟ ತಾಟು ತಂದಳು. "ಒಂದ ತುತ್ತು ತಗೋರಿ ಮೇಡಂ. ನಮ್ಮ ಒಲಿ ನಿಮ್ಮ ಕೈಯಾಗೈತಿ."

ಮೇಡಂ ಕಷ್ಟಪಟ್ಟು ಉಸಿರೆಳೆದರು. "ಹಸೇ ಬದನಿಕಾಯಿ ಉಂಡೆ. ಸಪ್ಪನ ಸಾರು ಉಂಡೆ. ಉಪ್ಪು ಹೆಚ್ಚಾದ ಸಾರೂ ಉಂಡೆ. ಇನ್ನ ಒಲ್ಲೆ."

"ಊಟಾ ಒಲ್ಲೆ ಅಂದ್ರೋ, ನಮಗ ಕೆಲಸಾ ಕೊಡೂದು ಒಲ್ಲೆ ಅಂದ್ರೋ?" ಎಂದು ಕೇಳಿದ ಕಾಕಾ, ನಾಚಿಕೆಗೆಟ್ಟವನು.

"ಎರಡೂ ಒಲ್ಲೆ."