ಹೆಸರು ಹೇಳುವ ತರಬೇತಿ

ಮಕ್ಕಳೇ, ನಾಚಿಕೆಯ ಸ್ವಭಾವದವರಿಗೆ ಒಂದು ಸುಖವಿದೆ. ಯಾರೂ ಅವರನ್ನು ಮಾತಾಡು ಎಂದು ಕಾಡುವುದಿಲ್ಲ. ಹಳ್ಳಿಯ ಸಾಲಿಯಲ್ಲಿ ಏಳನೆಯ ಇಯತ್ತೆ ಮುಗಿಯುವ ತನಕ ನಾನು ಹಾಜರಿ ಕರೆದಾಗಲೂ ಬರೀ ಕೈ ಎತ್ತುತ್ತಿದ್ದೆ. ಹಾಗೆ ಕೈ ಎತ್ತಿಕೊಂಡೇ ಅರವತ್ತು ವರ್ಷ ದಾಟಿಸಿದೆ. ನಿಮ್ಮ ಅಜ್ಜ ತೀರಿದ ಮರುವರ್ಷ ಮಾತ್ರ ಸಿಕ್ಕಿಬಿದ್ದೆ.

ಅಜ್ಜ ಖಾನಾಪುರದಲ್ಲಿ ಮಾಸ್ತರರಾಗಿದ್ದರಲ್ಲ, ಅವರ ನೆನಪಿಗೆ ಆ ಸಾಲಿಗೊಂದು ಪುಸ್ತಕದ ಕಪಾಟು ಕೊಡಬೇಕೆಂದು ಮನೆಯಲ್ಲಿ ಮಾತಾಯಿತು. ಹೆಡ್‌ಮಾಸ್ತರರು ಬಹಳ ಸಂತೋಷಪಟ್ಟರು. ಆದರೆ ಕಪಾಟು ಒಪ್ಪಿಸುವ ಕಾರ್ಯಕ್ರಮದಲ್ಲಿ, ಅದು ಯಾರ ನೆನಪಿಗೆ ಎಂಬುದನ್ನು ನಾನೇ ಎದ್ದು ನಿಂತು, ಹೆಸರು ಹಿಡಿದು ಹೇಳಬೇಕಂತೆ. ಒಂದೇ ವಾಕ್ಯ. ಆ ವಾಕ್ಯದೊಳಗೇ ನನ್ನ ಸಂಕಟವೆಲ್ಲ ಕೂತಿತ್ತು. ನಾನು ಗಂಡನ ಹೆಸರನ್ನು ಒಂದು ಸಲವೂ ಹೇಳಿದವಳಲ್ಲ. ಜನಗಣತಿಯವರು ಬಂದಾಗ ಬಾಗಿಲ ಮೇಲಿನ ಹೆಸರಿನ ಹಲಗೆ ತೋರಿಸಿದವಳು.

ನಮ್ಮ ಕಡೆ ಹೊಸ ಸೊಸೆ ಮನೆ ತುಂಬುವಾಗ ನಾದಿನಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಗಂಡನ ಹೆಸರು ಸೇರಿಸಿ ಒಡಪು, ಅಂದರೆ ಎರಡು ಸಾಲಿನ ಪದ್ಯ, ಹೇಳಿದರೇನೇ ಒಳಗೆ ಬಿಡುವುದು. ನನಗೆ ನಮ್ಮ ಅವ್ವ ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸಿದ್ದಳು. ಹೊಸ್ತಿಲಲ್ಲಿ ಒಂದಕ್ಷರ ಏಳಲಿಲ್ಲ. ಹತ್ತು ವರ್ಷದ ನಾದಿನಿ ಶಾಂತಾ ಎರಡೂ ಕೈ ಚಾಚಿ ನಿಂತವಳು ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಹಸಿದ ಬೀಗರು ಗದ್ದಲ ಮಾಡಿದ್ದಕ್ಕೆ ಅವಳನ್ನು ಎತ್ತಿ ಬಾಜು ಇಟ್ಟು ನನ್ನನ್ನು ಒಳಗೆ ಕರೆದುಕೊಂಡರು. ಒಡಪು ಹೇಳದೆ ಮನೆ ಹೊಕ್ಕವಳು ಎಂದು ಶಾಂತಾ ಆಮೇಲೂ ನನ್ನನ್ನು ಹಂಗಿಸುವುದು ಬಿಡಲಿಲ್ಲ.

ಈಗ ನಿಮ್ಮ ಅವ್ವನ ವಿಷಯಕ್ಕೆ ಬರುತ್ತೇನೆ. ಆಟೋ ನಗರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಸೊಸೆ ಸುನಂದಾಳನ್ನು ಕಂಪನಿಯವರು ಅದೇ ಹೊತ್ತಿಗೆ ಪುಣೆಗೆ ಕಳಿಸಿ ಕೋಚ್ ಆಗುವ ತರಬೇತಿ ಕೊಡಿಸಿದ್ದರು. ಕೋಚ್ ಅಂದರೆ ಆಟ ಕಲಿಸುವವರು ಎಂದಷ್ಟೇ ನನಗೆ ಗೊತ್ತಿದ್ದದ್ದು. ಈ ಕೋಚ್ ಕಾರ್ಖಾನೆಯ ಕೆಲಸಗಾರರಿಗೆ ಕಲಿಸುತ್ತಾನಂತೆ, ಆದರೆ ಏನನ್ನೂ ಹೇಳಿಕೊಡಬಾರದಂತೆ, ಬರೀ ಪ್ರಶ್ನೆ ಕೇಳಬೇಕಂತೆ. ತರಬೇತಿ ಮುಗಿಯಲು ಅವಳು ಒಬ್ಬರನ್ನಾದರೂ ಗುರಿ ಮುಟ್ಟಿಸಿ ತೋರಿಸಬೇಕಿತ್ತು. ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಗುರಿ ಮುಟ್ಟದೆ ಕುಳಿತವಳು ನಾನೊಬ್ಬಳೇ.

ಅವಳ ನೋಟುಬುಕ್ಕಿನಲ್ಲಿ ಈ ವಿದ್ಯೆ ಬೆಳೆದ ಕಥೆಯೇ ಇತ್ತು. ಅದರಲ್ಲಿದ್ದ ನಾಲ್ಕು ಪಂಥಗಳನ್ನು ವಾರಕ್ಕೊಂದರಂತೆ ನನ್ನ ಮೇಲೆ ಪ್ರಯೋಗಿಸಿದಳು. ಮೊದಲನೆಯದು ಆಟದ ಮೈದಾನದಲ್ಲಿ ಹುಟ್ಟಿದ್ದು. ಹೀಗೆ ಹೊಡೆ, ಹಾಗೆ ಹೊಡೆ ಎನ್ನಬೇಡ, ಚೆಂಡನ್ನು ನೋಡು ಎನ್ನು. ಎದುರಾಳಿಗಿಂತ ತಲೆಯೊಳಗೆ ವಟಗುಟ್ಟುವವನೇ ದೊಡ್ಡ ವೈರಿ ಎನ್ನುತ್ತಾರೆ ಅವರು. ನಮ್ಮೂರ ತಾಲೀಮಿನ ವಸ್ತಾದನೂ ಹಾಗೆಯೇ, ಹುಡುಗರಿಗೆ ಮೊದಲ ತಿಂಗಳು ಪಟ್ಟು ಹೇಳಿಕೊಡದೆ ಕುಸ್ತಿ ನೋಡಲು ಕೂರಿಸುತ್ತಿದ್ದ. ಎರಡನೆಯ ಪಂಥ ಆಟ ಬಿಟ್ಟು ಕಚೇರಿಗೆ ಬಂದವರದು. ಅವರವು ನಾಲ್ಕೇ ಪ್ರಶ್ನೆ: ಏನು ಬೇಕು, ಈಗ ಎಲ್ಲಿದ್ದೀರಿ, ಯಾವ್ಯಾವ ದಾರಿ ಇವೆ, ಯಾವುದನ್ನು ಹಿಡಿಯುತ್ತೀರಿ. ನನ್ನ ಅತ್ತೆ ಇವೇ ನಾಲ್ಕನ್ನು ರೊಟ್ಟಿಯ ಬಗ್ಗೆ ದಿನವೂ ಕೇಳುತ್ತಿದ್ದರು, ಆದರೆ ಅವರಿಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ. ಮೂರನೆಯವರು ಮನಸ್ಸಿನ ಡಾಕ್ಟರರ ಕಡೆಯಿಂದ ಬಂದವರು. ಹೆದರಿಕೆಯ ಬೇರು ಎಲ್ಲಿದೆ ಎಂದು ಅಗೆಯುತ್ತಾರೆ. ಅಗೆದಾಗ ಸಿಕ್ಕವಳು ಶಾಂತಾ. ಎಲ್ಲರಿಗಿಂತ ಹೊಸಬರಾದ ನಾಲ್ಕನೆಯವರು, ಉತ್ತರ ನಿಮ್ಮೊಳಗೇ ಇದೆ ಎನ್ನುವವರು.

ಈ ಕಡೆಯ ಪಂಥ ಮನೆಗೆ ಬಂದ ಮೇಲೆ ಬದುಕು ಬಿಗಿಯಾಯಿತು. ಚಹಾಕ್ಕೆ ಸಕ್ಕರೆ ಹಾಕಿದೆಯೇನು ಎಂದು ಕೇಳಿದೆ.

"ಅತ್ತಿ, ನಿಮಗೇನ ಅನಸ್ತೈತ್ರಿ?" ಅಂದಳು.

"ನನಗ ನೀ ಹಾಕಿಲ್ಲ ಅನಸ್ತೈತಿ."

ಹಾಕಿರಲಿಲ್ಲ. ಉತ್ತರ ನನ್ನೊಳಗೇ ಇತ್ತು, ಸಕ್ಕರೆ ಮಾತ್ರ ಡಬ್ಬಿಯೊಳಗಿತ್ತು.

ನಾಲ್ಕು ಪಂಥ ಮುಗಿದರೂ ಹೆಸರು ಹೊರಡಲಿಲ್ಲ. ಕಾರ್ಯಕ್ರಮದ ದಿನ ಖಾನಾಪುರದ ಬಸ್ಸಿನಲ್ಲಿ ಸುನಂದಾ ಒಂದು ಪ್ರಶ್ನೆಯನ್ನೂ ಕೇಳದೆ ನನ್ನ ಕೈ ಹಿಡಿದು ಕುಳಿತಿದ್ದಳು. ಅವಳ ಕೈ ನನ್ನದಕ್ಕಿಂತ ತಣ್ಣಗಿತ್ತು.

ಸಾಲಿಯ ಅಂಗಳ ತುಂಬ ಜನ. ನನ್ನನ್ನು ಕರೆದರು. ಎದ್ದು ನಿಂತೆ. ಚೆಂಡು ನೋಡಿದೆ, ನಾಲ್ಕು ಪ್ರಶ್ನೆ ಕೇಳಿಕೊಂಡೆ, ಬೇರು ನೋಡಿದೆ, ಒಳಗಿನ ಉತ್ತರವನ್ನೂ ಕರೆದೆ. ಯಾವುದೂ ಬರಲಿಲ್ಲ. ಅಷ್ಟರಲ್ಲಿ ಕಪಾಟಿನ ಬಾಜು ಕುರ್ಚಿಯಲ್ಲಿ ಕುಳಿತಿದ್ದ ಶಾಂತಾ ಕಣ್ಣಿಗೆ ಬಿದ್ದಳು. ತಲೆ ಹಣ್ಣಾಗಿತ್ತು, ಮುಂದಿನ ಎರಡು ಹಲ್ಲು ಹೋಗಿದ್ದವು. ನನ್ನನ್ನೇ ನೋಡುತ್ತ ಎದ್ದವಳು ಕಪಾಟಿನ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದಳು.

ಗಂಡ ಹೋದವಳು ಒಡಪು ಹೇಳುವ ಪದ್ಧತಿ ಇಲ್ಲ. ಅದು ನನಗೆ ನೆನಪಾದದ್ದು ಹೇಳಿ ಮುಗಿದ ಮೇಲೆ.

"ಖಾನಾಪುರದ ಕಟ್ಟಿಗಿ ಕಪಾಟ, ಒಳಗ ಪುಸ್ತಕ ನೂರಾರು,
ಶಿವಪ್ಪ ಮಾಸ್ತರ ಹೆಸರ ಹೇಳತೇನಿ, ತಡಾ ಆತು, ಬೈಬ್ಯಾಡ್ರಿ ಯಾರೂ."

ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡು ಕೈ ಇಳಿಸಿ ಬಾಜು ಸರಿದಳು.

"ಇನ್ನ ಒಳಗ ಬಾ, ವೈನಿ," ಅಂದಳು.

ನಾನು ಮುಂದೆ ಹೋಗಿ ಕಪಾಟಿನ ಬಾಗಿಲು ತೆಗೆದೆ. ಸಂಜೆಯ ಬಸ್ಸಿನಲ್ಲಿ ಸುನಂದಾ ನೋಟುಬುಕ್ಕು ಬಿಚ್ಚಿ, ನಾಲ್ಕರಲ್ಲಿ ಯಾವ ಪಂಥ ಕೆಲಸ ಮಾಡಿತೆಂದು ಬರೆಯಲಿ ಎಂದು ಕೇಳಿದಳು. ನಿನಗೇನ ಅನಸ್ತೈತಿ ಅಂದೆ. ಅವಳು ನಾಲ್ಕರ ಕೆಳಗೆ ಐದನೆಯದೊಂದು ಹೆಸರು ಬರೆದುಕೊಂಡಳು. ಶಾಂತಾಳ ಹೆಸರು. ಸುನಂದಾಳಿಗೆ ಸರ್ಟಿಫಿಕೇಟೂ ಬಂತು.

ಅಂದಿನಿಂದ ನನ್ನ ನಾಚಿಕೆ ಪೂರ್ತಿ ಹೋಯಿತೆಂದು ನಿಮ್ಮ ಅವ್ವ ಎಲ್ಲರಿಗೂ ಹೇಳುತ್ತಾಳೆ. ನಾನೂ ಹೂಂ ಅನ್ನುತ್ತೇನೆ. ಆದರೆ ಇದನ್ನು ಬರೆದು ಮುಗಿಸಿ ಮತ್ತೊಮ್ಮೆ ಓದಿ ನೋಡಿದೆ. ಆ ಹೆಸರು ಒಂದೇ ಕಡೆ ಇದೆ, ಅದೂ ಪದ್ಯದ ಮರೆಯಲ್ಲಿ. ಉಳಿದ ಕಡೆಯೆಲ್ಲ ಬರೀ ನಿಮ್ಮ ಅಜ್ಜ.